ಕುಡಿಸಿದ ಕೈಯೇ ಕೆಂಪು ಶಾಯಿ ಹಿಡಿಯುತ್ತದೆ

ನಮ್ಮ ಜವಾನನ ಕಿಸೆಯಲ್ಲಿ ಎರಡು ಕ್ಯಾಂಟೀನ್ ಕಾರ್ಡು. ಒಂದು ಸೋಪು, ಸಕ್ಕರೆ, ಕುಕ್ಕರು, ಚಾದರಕ್ಕೆ. ಇನ್ನೊಂದು ಮದ್ಯಕ್ಕೆ, ಮದ್ಯಕ್ಕೆ ಮಾತ್ರ. ತಿಂಗಳಿಗೆ ಇಷ್ಟು ಬಾಟಲಿ ಎಂದು ಹುದ್ದೆ ನೋಡಿ ಲೆಕ್ಕ ಕಟ್ಟಿದ್ದಾರೆ: ಅಧಿಕಾರಿಗೆ ಹೆಚ್ಚು, ಸುಬೇದಾರನಿಗೆ ಅದಕ್ಕಿಂತ ಕಡಿಮೆ, ಸಿಪಾಯಿಗೆ ಇನ್ನೂ ಕಡಿಮೆ. ತೆರಿಗೆಯ ಭಾರ ಇಳಿಸಿರುವುದರಿಂದ ಪೇಟೆಯ ವೈನ್ ಶಾಪಿಗಿಂತ ಎಷ್ಟೋ ಅಗ್ಗ. ನಿವೃತ್ತನಾಗಿ ಊರು ಸೇರಿದರೂ ಈ ಕೋಟಾ ತಪ್ಪುವುದಿಲ್ಲ. 1948ರಲ್ಲಿ ಶುರುವಾದ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಖಾಸಗಿ ಅಂಗಡಿಯಲ್ಲ, ರಕ್ಷಣಾ ಸಚಿವಾಲಯದ್ದು. ಅಂದರೆ ಕುಡಿತವನ್ನು ಅಗ್ಗ ಮಾಡಿ ಸೈನಿಕನ ಕೈಗಿಡುತ್ತಿರುವುದು ಭಾರತ ಸರ್ಕಾರ. ಸಂವಿಧಾನದ 47ನೇ ವಿಧಿಯಲ್ಲಿ ಪಾನನಿಷೇಧದ ಕಡೆಗೆ ಹೆಜ್ಜೆ ಹಾಕುತ್ತೇನೆ ಎಂದು ಮಾತು ಕೊಟ್ಟ ಅದೇ ಸರ್ಕಾರ.

ಆ ಕೈಯಿಂದ ಬಾಟಲಿ ಕೊಟ್ಟ ಸರ್ಕಾರ ಈ ಕೈಯಲ್ಲಿ ಕೋಲು ಹಿಡಿದಿದೆ. 1950ರ ಸೇನಾ ಕಾಯಿದೆಯ 48ನೇ ಸೆಕ್ಷನ್ ಪ್ರಕಾರ ಅಮಲಿನಲ್ಲಿ ಸಿಕ್ಕಿಬಿದ್ದವನು ಅಪರಾಧಿ. ಡ್ಯೂಟಿಯ ಮೇಲಿರಲಿ, ಇಲ್ಲದಿರಲಿ. ಅಧಿಕಾರಿಯಾದರೆ ವಜಾ ಆಗಬಹುದು, ಡ್ಯೂಟಿಯ ಮೇಲಿದ್ದ ಜವಾನನಾದರೆ 2 ವರ್ಷದ ತನಕ ಜೈಲು. ಸಣ್ಣ ಶಿಕ್ಷೆಗಳೂ ದಾಖಲೆಯಲ್ಲಿ ಕೂರುತ್ತವೆ. ಪಲ್ಟನ್ನಿನಲ್ಲಿ ಅದಕ್ಕೆ 'ರೆಡ್ ಇಂಕ್ ಎಂಟ್ರಿ' ಅನ್ನುತ್ತಾರೆ. ಅಂಥವು ನಾಲ್ಕಾದರೆ ಮನೆಗೆ ಅಟ್ಟುವುದು ರೂಢಿ. ನಾಲ್ಕು ಎಂಟ್ರಿ ಇದ್ದ ಮಾತ್ರಕ್ಕೇ ಯಾರನ್ನೂ ಹೊರಹಾಕುವಂತಿಲ್ಲ, ವಿಚಾರಣೆ ನಡೆಸಿ ಅವನ ಸೇವೆಯನ್ನೂ ತೂಗಿ ನೋಡಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ನನ್ನ ರಕ್ತ ಕುದಿಸುವುದು ಇವೆರಡಕ್ಕಿಂತ ಮೂರನೆಯ ಕಾಗದ. ಕುಡಿತದ ಚಟ ಅಂಟಿ ದೇಹ ಮನಸ್ಸು ಎರಡೂ ಕೆಟ್ಟು ಸೇನೆಯಿಂದ ಹೊರಬಿದ್ದವನಿಗೆ ಅಂಗವೈಕಲ್ಯ ಪಿಂಚಣಿ ಇಲ್ಲ. ಮದ್ಯದ ಅತಿಸೇವನೆ ಅವನ ಸ್ವಂತ ಹತೋಟಿಯಲ್ಲಿದ್ದ ವಿಷಯ, ಆದ್ದರಿಂದ ಪರಿಹಾರ ಸಲ್ಲದು ಎಂದು ನಿಯಮ. ಸ್ವಂತ ಹತೋಟಿ! ಹದಿನೆಂಟರ ಹುಡುಗನನ್ನು ಕರೆದೊಯ್ದು ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು, ಕೂದಲು ಎಷ್ಟು ಉದ್ದ ಬಿಡಬೇಕು, ಹೆಂಡತಿಯ ಮುಖ ಯಾವ ತಿಂಗಳು ನೋಡಬೇಕು ಎಂಬುದನ್ನೆಲ್ಲ ಆಜ್ಞೆಯ ಮೇಲೆ ನಡೆಸಿದಿರಿ. ಅವನ ಬದುಕಿನಲ್ಲಿ ಅವನದೇ ಹತೋಟಿಯಲ್ಲಿದ್ದದ್ದು ನೀವು ಮಾರಿದ ಬಾಟಲಿ ಒಂದೇ ಅಂತೀರಾ?

ನಮ್ಮ ಬೆಳಗಾವಿ ಸೀಮೆಯಲ್ಲಿ ಮಿಲಿಟರಿಗೆ ಹೋಗುವುದು ಮನೆತನದ ಮಾತು. ಮಳೆ ನಂಬಿದ ಎರಡೆಕರೆ ಹೊಲ, ಇಬ್ಬರು ತಂಗಿಯರ ಮದುವೆ, ಅಪ್ಪನ ಸೊಸೈಟಿ ಸಾಲ. ಹುಡುಗ ಬೆಳಗ್ಗೆ ನಾಲ್ಕಕ್ಕೆದ್ದು ರೋಡಿನ ಮೇಲೆ ಓಡುತ್ತಾನೆ, ಭರ್ತಿಯಾಗುತ್ತಾನೆ. ನಮ್ಮ ಓಣಿಯ ಒಬ್ಬರು ಹಾಗೆ ಹೋಗಿ ಹವಾಲ್ದಾರರಾದರು. ಮನೆಯಲ್ಲಿ ಯಾರೂ ಮುಟ್ಟಿದವರಲ್ಲ. ಮೊದಲ ಪೆಗ್ಗು ಬಡಾಖಾನಾದಲ್ಲಿ, ಅಂದರೆ ಪಲ್ಟನ್ನಿನ ಸಾಮೂಹಿಕ ಔತಣದಲ್ಲಿ. ಸಾಹೇಬರು ತಮ್ಮ ಕೈಯಾರೆ ಗ್ಲಾಸು ಕೊಟ್ಟಾಗ ಒಲ್ಲೆ ಅನ್ನುವ ಧೈರ್ಯ ಯಾವ ಹೊಸ ಸಿಪಾಯಿಗಿರುತ್ತದೆ? ಆಮೇಲೆ ಹಿಮದ ಪೋಸ್ಟಿಂಗು, ಆಮೇಲೆ ಕಾಶ್ಮೀರ. ನಿದ್ದೆ ಬಾರದ ರಾತ್ರಿಗೆ ರಮ್ಮು, ಜೊತೆಗಾರ ಸತ್ತ ರಾತ್ರಿಗೆ ರಮ್ಮು, ಮನೆಯಿಂದ ಕೆಟ್ಟ ಸುದ್ದಿ ಬಂದ ರಾತ್ರಿಗೂ ರಮ್ಮು.

ಒಂದು ಸಲ ಅವರು ರಜೆಗೆ ಬಂದಾಗ ತಾಯಿ ಕಾಲು ಹಿಡಿದು ಅತ್ತು ಬಾಟಲಿ ಬಿಡಿಸಿದಳು. ಮರುದಿನವೇ ಕೈ ನಡುಗಿ ಬಸಿಯಲ್ಲಿ ಚಹಾ ನಿಲ್ಲಲಿಲ್ಲ. ಮೂರನೇ ರಾತ್ರಿ ಎದ್ದು ಕೂತು ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಒರೆಸತೊಡಗಿದರು. ಪೋಸ್ಟಿನ ಹುಡುಗರ ಹೆಸರು ಒಂದೊಂದಾಗಿ ಕೂಗಿ ಹಾಜರಿ ತಗೊಂಡರು. ಮೈ ಬೆಂಕಿ, ಅಂಗಿ ಒದ್ದೆ. ಮನೆಯವರು ದೆವ್ವ ಹೊಕ್ಕಿದೆ ಎಂದು ಅಂಗಾರ ಹಚ್ಚಿಸಿದರು, ತಾಯಿತ ಕಟ್ಟಿಸಿದರು.

ಅದು ದೆವ್ವವಲ್ಲ. ವರ್ಷಗಟ್ಟಲೆ ದಿನವೂ ಕುಡಿದ ಮಿದುಳಿಗೆ ಥಟ್ಟನೆ ಮದ್ಯ ನಿಂತರೆ ಆಗುವ ಗತಿ. ಕೊನೆಯ ಗುಟುಕಾಗಿ ಕೆಲವೇ ತಾಸಿಗೆ ನಡುಕ ಶುರುವಾಗುತ್ತದೆ. 48 ತಾಸಿನೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಸನ್ನಿ ಹಿಡಿಯಬಹುದು, ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಆಸ್ಪತ್ರೆಯಲ್ಲಿ ಡಯಾಜೆಪಾಮ್ ಜಾತಿಯ ಔಷಧಿ, ಥಯಾಮಿನ್ ಚುಚ್ಚುಮದ್ದು ಕೊಟ್ಟು ಕಾಯುತ್ತಾರೆ. ಅಪರೂಪದ ಔಷಧಿಗಳಲ್ಲ, ದುಬಾರಿಯೂ ಅಲ್ಲ. ಪುಣ್ಯಕ್ಕೆ ಯಾರೋ ಜಿಲ್ಲಾಸ್ಪತ್ರೆಗೆ ಹೊತ್ತೊಯ್ದರು, ಉಳಿದರು. ಅಲ್ಲೇ ಇದ್ದದ್ದಕ್ಕೆ ರಜೆ ಮೀರಿತು. ರೆಜಿಮೆಂಟಿಗೆ ಹೋದಾಗ ರೆಡ್ ಇಂಕ್ ಕಾದಿತ್ತು. ಮುಂದೊಂದು ದಿನ ಕುಡಿದು ಸಿಕ್ಕಿದ್ದಕ್ಕೆ ಕ್ವಾರ್ಟರ್ ಗಾರ್ಡಿನಲ್ಲಿ ಕೂಡಿಹಾಕಿದರು. ಕುಡಿತದ ರೋಗಿಯನ್ನು ಔಷಧಿ ಕೊಡದೆ ಕೋಣೆಗೆ ತಳ್ಳಿ ಬೀಗ ಜಡಿಯುವುದನ್ನು ನಾನು ಶಿಸ್ತು ಅನ್ನಲಾರೆ. ಆ ನಡುಕ, ಆ ಸನ್ನಿ ಬಾಗಿಲಾಚೆ ಬಂದರೆ ಯಾರು ನೋಡಬೇಕು?

ರಮ್ಮು ಮೈ ಬೆಚ್ಚಗಿಡುತ್ತದೆ, ಹಿಮದ ಗಡಿಯಲ್ಲಿ ಅದಿಲ್ಲದೆ ಆಗದು ಅನ್ನುವವರು ನಮ್ಮಲ್ಲಿ ಬಹಳ. ಸುಳ್ಳು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಮೈಮೇಲಕ್ಕೆ ಬಂದು ಬೆಚ್ಚಗಾದಂತೆ ಅನ್ನಿಸುತ್ತದೆ. ಆ ಬಿಸಿ ಅಲ್ಲಿಂದ ಗಾಳಿಗೆ ಹೋಗುತ್ತದೆ, ದೇಹದ ಒಳಗಿನ ಶಾಖ ಇಳಿಯುತ್ತದೆ. ಚಳಿಗೆ ಮೈ ನಡುಗಿ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಗಾಳಿ ತೆಳುವಾಗಿರುವ ಎತ್ತರದಲ್ಲಿ ಅದು ಮಲಗಿದವನ ಉಸಿರಾಟವನ್ನು ಇನ್ನಷ್ಟು ಮಂದ ಮಾಡುತ್ತದೆ, ಮೈಯ ನೀರು ಆರಿಸುತ್ತದೆ. 1984ರ ಏಪ್ರಿಲ್‌ನಿಂದ ಸಿಯಾಚಿನ್ ಕಾಯುತ್ತಿರುವ ಸೇನೆಯ ವೈದ್ಯರಿಗೆ ಇದು ತಿಳಿಯದ ಸಂಗತಿಯಲ್ಲ. ತಿಳಿದವರ ಮಾತು ಕ್ಯಾಂಟೀನಿನ ಕಿಟಕಿಗೆ ತಲುಪುವುದಿಲ್ಲ, ಅಷ್ಟೆ.

ಇದು ಪರಂಪರೆ, ಕೈ ಹಚ್ಚಬೇಡಿ ಅಂತಾರೆ. ಯಾರ ಪರಂಪರೆ? ಜಲಿಯನ್‌ವಾಲಾಬಾಗಿನಲ್ಲಿ 1919ರಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟ ಡಯರನ ಅಪ್ಪ ಎಡ್ವರ್ಡ್ ಡಯರ್ ಕಸೌಲಿಯ ಬೆಟ್ಟದ ಮೇಲೆ ಬ್ರೂವರಿ ಕಟ್ಟಿ ಗೋರಾ ಪಲ್ಟನ್ನುಗಳಿಗೆ ಬಿಯರ್ ಉಣಿಸಿದವನು. ಪರದೇಶದಲ್ಲಿ ಕೊಲ್ಲಲು, ಸಾಯಲು ತಂದ ಬಡವರ ಮಕ್ಕಳನ್ನು ತೆಪ್ಪಗಿಡಲು ಸಾಮ್ರಾಜ್ಯ ಕಂಡುಕೊಂಡ ದಾರಿ ಅದು. ಆ ಸಾಮ್ರಾಜ್ಯವೇ ತನ್ನ ನೌಕಾಪಡೆಯ ದಿನದ ರಮ್ ರೇಷನ್ನನ್ನು 1970ರ ಜುಲೈ 31ಕ್ಕೆ ನಿಲ್ಲಿಸಿತು. ಅಮೆರಿಕದ ನೌಕಾಪಡೆ 1914ರ ಜುಲೈನಲ್ಲೇ ಹಡಗಿನಲ್ಲಿ ಮದ್ಯ ನಿಷೇಧಿಸಿ, ಆಮೇಲೆ ಎರಡು ಮಹಾಯುದ್ಧ ಹೋರಾಡಿತು. ಗ್ಲಾಸು ಇಲ್ಲದಿದ್ದರೆ ಸೈನಿಕನಿಗೆ ಕೆಚ್ಚು ಬರುವುದಿಲ್ಲ ಎಂಬ ಮಾತು ಸೈನಿಕನಿಗೇ ಅವಮಾನ.

ಚಿಕಿತ್ಸೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕಮಾಂಡ್ ಆಸ್ಪತ್ರೆಗಳಲ್ಲಿ ಒಳ್ಳೆಯ ಮನೋವೈದ್ಯರಿದ್ದಾರೆ. 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೆಂದೇ ಫೋನಿನಲ್ಲಿ ಮಾನಸಿಕ ನೆರವು ಕೊಡುವ ಟೆಲಿ ಮಾನಸ್ ಘಟಕ ತೆರೆದದ್ದು ಒಳ್ಳೆಯ ಕೆಲಸ. ಆದರೆ ಆಸ್ಪತ್ರೆಯ ಬಾಗಿಲಿಗೆ ಹೋಗುವ ದಾರಿ ನೋಡಿ. ಮನೋವೈದ್ಯರ ಬಳಿ ಕಳಿಸುವಾಗ ಕಮಾಂಡಿಂಗ್ ಅಧಿಕಾರಿಯ ವರದಿ ಜೊತೆಗೆ ಹೋಗಬೇಕು. ಕುಡಿತ ಕಾಯಿಲೆಯೆಂದು ಬರೆದರೆ ಮೆಡಿಕಲ್ ಕೆಟಗರಿ ಇಳಿಯುತ್ತದೆ. ಕೆಟಗರಿ ಇಳಿದರೆ ಬಡ್ತಿಗೆ ಕುತ್ತು. ಹೀಗಿರುವಾಗ ಯಾವ ನಾಯಕ್ ತಾನೇ ಮುಂದೆ ಬಂದು 'ಸಾಬ್, ನನ್ನ ಕೈಲಿ ಬಿಡಲಾಗುತ್ತಿಲ್ಲ' ಅಂದಾನು? ಮುಚ್ಚಿಡುತ್ತಾನೆ. ಜೊತೆಗಾರರೂ ಮುಚ್ಚಿಡುತ್ತಾರೆ, ಹಾಜರಿಯ ಫಾಲಿನ್‌ಗೆ ಎಬ್ಬಿಸಿ ಮುಖ ತೊಳೆಸಿ ನಿಲ್ಲಿಸುತ್ತಾರೆ. ಬಯಲಾಗುವ ಹೊತ್ತಿಗೆ ಲಿವರ್ ಹೋಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಒಂದು ಪಟ್ಟಿಯಿದೆ, ಆಡಿಟ್ ಅನ್ನುತ್ತಾರೆ. ಎಷ್ಟು ಕುಡಿಯುತ್ತೀ, ಶುರು ಮಾಡಿದ ಮೇಲೆ ನಿಲ್ಲಿಸಲಾಗದೆ ಹೋಯಿತೇ, ಬೆಳಗ್ಗೆ ಎದ್ದಕೂಡಲೇ ಬೇಕಾಯಿತೇ ಎಂಬಂಥ ಪ್ರಶ್ನೆಗಳು. 8 ಅಂಕ ಮುಟ್ಟಿದರೆ ಎಚ್ಚರದ ಗಂಟೆ. ಐದು ನಿಮಿಷದ ಕೆಲಸ. ಪ್ರತಿ ವರ್ಷದ ಮೆಡಿಕಲ್‌ನಲ್ಲಿ ಪ್ರತಿಯೊಬ್ಬ ಜವಾನನಿಗೂ ಅವನ ಭಾಷೆಯಲ್ಲಿ, ಕನ್ನಡದವನಿಗೆ ಕನ್ನಡದಲ್ಲೇ, ಇದನ್ನು ಕೇಳಬೇಕು. ಉತ್ತರ ವೈದ್ಯರ ಹತ್ತಿರವೇ ಉಳಿಯಬೇಕು, ಆಫೀಸಿನ ಫೈಲಿಗೆ ಹೋಗಕೂಡದು. ತಾನಾಗಿ ಬಂದು ಹೇಳಿಕೊಂಡವನ ಮೇಲೆ ಶಿಕ್ಷೆಯೂ ಇರಬಾರದು, ಎಂಟ್ರಿಯೂ ಇರಬಾರದು. ಮದ್ಯದ ರಿಯಾಯಿತಿಗೆ ಬಿಟ್ಟುಕೊಡುವ ಹಣವನ್ನು ಕುಡಿಯದವನ ಮಕ್ಕಳ ಓದಿಗೆ ಕೊಡಬೇಕು. ಬಡಾಖಾನಾದಲ್ಲಿ ಗ್ಲಾಸು ಒಲ್ಲೆ ಅಂದವನನ್ನು ನೋಡಿ ಯಾರೂ ನಗಬಾರದು, ಅದನ್ನು ನೋಡಿಕೊಳ್ಳಬೇಕಾದವನು ಅಧಿಕಾರಿ, ಏಕೆಂದರೆ ಗ್ಲಾಸು ತುಂಬಿದ್ದೂ ಅವನೇ.

ಊರಿನಲ್ಲಿ ಇದರ ಬಗ್ಗೆ ಮಾತೇ ಇಲ್ಲದಿರುವುದು ನನ್ನನ್ನು ಹೆಚ್ಚು ಸುಡುತ್ತದೆ. ಕೂಲಿಯವನು ಕುಡಿದು ಹೆಂಡತಿಯನ್ನು ಹೊಡೆದರೆ ಓಣಿಯೆಲ್ಲ ಉಗಿಯುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಡಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಆದರೆ ಸೈನಿಕನ ಹೆಂಡತಿ ಬಾಯಿ ತೆರೆಯಲಾರಳು. ಆ ಹವಾಲ್ದಾರರ ಹೆಂಡತಿಯನ್ನು ನಾನು ವೈನಿ ಅಂತೀನಿ. ಕಣ್ಣ ಕೆಳಗೆ ನೀಲಿಗಟ್ಟಿದ ದಿನ ಕೇಳಿದ್ದಕ್ಕೆ ಅಂದರು: "ಏನಂತ ಹೇಳ್ಲಿ ತಮ್ಮಾ? ದೇಶ ಕಾಯೋ ಮನಷ್ಯಾ ಮನ್ಯಾಗ ಹಿಂಗ ಮಾಡ್ತಾನ ಅಂದ್ರ ಮಂದಿ ನನ್ನ ಮ್ಯಾಲನ ಉಗುಳ್ತಾರ." ಆಗಸ್ಟ್ 15ಕ್ಕೆ ಅದೇ ಮಂದಿ ಅವರ ಗಂಡನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ, ಸಂಜೆ ಅವರದೇ ಕೋಟಾದ ಬಾಟಲಿಗೆ ಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಸೈನಿಕನನ್ನು ಪ್ರೀತಿಸುತ್ತೇವೆ ಅನ್ನುವ ಊರು ಅವನ ಮನೆಯ ಅಳು ಕೇಳಿಸಿಕೊಳ್ಳಲಿ ಮೊದಲು.

ಕೊನೆಗೆ ಆ ಹವಾಲ್ದಾರರನ್ನು ಎಸ್-5 ಕೆಟಗರಿಯಲ್ಲಿ, ಅಂದರೆ ಮಾನಸಿಕವಾಗಿ ಸೇವೆಗೆ ಅನರ್ಹ ಎಂದು ಬರೆದು ಮನೆಗೆ ಕಳಿಸಿದರು. ಇನ್ವ್ಯಾಲಿಡ್ ಪೆನ್ಷನ್ ಬಂತು. ಅಂಗವೈಕಲ್ಯದ ಪಾಲು ಬರಲಿಲ್ಲ. ಕಾಯಿಲೆಗೆ ಸೇವೆ ಕಾರಣವೂ ಅಲ್ಲ, ಸೇವೆಯಿಂದ ಅದು ಹೆಚ್ಚಿದ್ದೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲಿನ ಉತ್ತರ. ಇದನ್ನು ಪ್ರಶ್ನಿಸಬೇಕೆಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕು, ಕರ್ನಾಟಕ ಸೇರುವುದು ಕೊಚ್ಚಿಯ ಪೀಠಕ್ಕೆ. ಏಳನೇ ಇಯತ್ತೆ ಓದಿದ ವೈನಿ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾರೆ.

ಆ 'ಸ್ವಂತ ಹತೋಟಿ'ಯ ನಿಯಮವನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಬೇಕು. ಕ್ಯಾಂಟೀನಿನಲ್ಲಿ ಮದ್ಯ ಮಾರುವ ತನಕ ಆ ಮದ್ಯದಿಂದ ಕೆಟ್ಟ ಪ್ರತಿ ಜವಾನನ ಚಿಕಿತ್ಸೆಗೂ ಪಿಂಚಣಿಗೂ ಸೇನೆಯೇ ಹೊಣೆ ಎಂದು ಬರೆಯಬೇಕು. ನಮ್ಮ ವಕೀಲರೇ, ಇಂಗ್ಲಿಷ್ ಬಲ್ಲ ಮೇಷ್ಟ್ರುಗಳೇ, ನಿಮ್ಮೂರಲ್ಲೂ ಇಂಥ ಟ್ರಂಕುಗಳಿವೆ. ಹೋಗಿ ಆ ಕಾಗದ ಓದಿ ಹೇಳಿ, ಅರ್ಜಿ ಬರೆದುಕೊಡಿ. ರಜೆಗೆ ಬಂದವನ ಕೈ ನಡುಗುತ್ತಿದ್ದರೆ ಅಂಗಾರ ಹಚ್ಚಬೇಡಿ, ಆಸ್ಪತ್ರೆಗೆ ಒಯ್ಯಿರಿ. ಏನೂ ತೋಚದಿದ್ದರೆ ಟೆಲಿ ಮಾನಸ್ ನಂಬರು 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ವೈನಿಯ ಅರ್ಜಿಯನ್ನು ನಾವು ಬರೆಯಲು ಕೂತಿದ್ದೇವೆ.