‘ಅಂತೆ’ ಮತ್ತು ‘ಆಯಿತು’

ತಿಂಗಳ ಮೊದಲ ಭಾನುವಾರ ನಮ್ಮ ಮನೆಯಲ್ಲಿ ಆಯವ್ಯಯದ ಅಧಿವೇಶನ ನಡೆಯುವುದು ವಾಡಿಕೆ. ಹಾಲು, ದಿನಸಿ, ವಿದ್ಯುಚ್ಛಕ್ತಿ, ಮಗಳ ಶಾಲೆಯ ವಾಹನ, ಹೀಗೆ ಒಂದೊಂದೇ ಬಾಬು ಸಭೆಯ ಮುಂದೆ ಬಂದು ಅಂಗೀಕಾರ ಪಡೆದು ಹೋಗುತ್ತದೆ. ಅರ್ಥಮಂತ್ರಿಯ ಸ್ಥಾನದಲ್ಲಿರುವವಳು ನನ್ನ ಹೆಂಡತಿ. ನಾನು ಸಂಬಳವನ್ನು ತಂದೊಪ್ಪಿಸುವ ಇಲಾಖೆ ಮಾತ್ರ. ಕಳೆದ ತಿಂಗಳ ಅಧಿವೇಶನದಲ್ಲಿ ಎರಡು ದಿನಪತ್ರಿಕೆ ಮತ್ತು ಒಂದು ವಾರಪತ್ರಿಕೆಯ ಚೀಟಿ ಮುಂದೆ ಬಂದಾಗ ಆಕೆ ಲೇಖನಿಯನ್ನು ಕೆಳಗಿಟ್ಟಳು.

“ಅಲ್ಲಾ ರೀ, ಇದರಲ್ಲಿರುವುದನ್ನೆಲ್ಲ ನೀವು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಓದಿ ಮುಗಿಸಿರುತ್ತೀರಿ. ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವುದು ತಂಗಳು. ತಂಗಳಿಗೆ ಯಾರಾದರೂ ದುಡ್ಡು ಕೊಡುತ್ತಾರೆಯೆ?”

ನನ್ನ ತಂದೆಯವರು ನಿವೃತ್ತ ಶಾಲಾ ಉಪಾಧ್ಯಾಯರು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಅದೇ ತಂಗಳನ್ನು ಓದುತ್ತಿದ್ದರು. ಪತ್ರಿಕೆಯಿಂದ ಮುಖವೆತ್ತದೆಯೇ ಉತ್ತರ ಕೊಟ್ಟರು: “ತಂಗಳಲ್ಲಮ್ಮಾ, ಅದು ಹೆಪ್ಪು ಹಾಕಿದ್ದು. ಹಾಲು ಮೊಸರಾಗಬೇಕಾದರೆ ಒಂದು ರಾತ್ರಿ ಬೇಕು.”

“ಮೊಸರೂ ಒಂದೊಂದು ದಿನ ಹುಳಿಯಾಗಿರುತ್ತದೆ, ಮಾವ” ಎಂದಳು ಅರ್ಥಮಂತ್ರಿ.

ಎರಡೂ ಪಕ್ಷಗಳಲ್ಲಿ ನ್ಯಾಯವಿದ್ದುದರಿಂದ ತೀರ್ಮಾನವನ್ನು ಮುಂದಿನ ತಿಂಗಳಿಗೆ ಮುಂದೂಡಲಾಯಿತು. ಈ ನಡುವೆ ನನಗೆ ತೋರಿದುದನ್ನು ವಾಚಕರ ಮುಂದಿಡುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ನಮ್ಮೊಬ್ಬರ ಮನೆಯದಲ್ಲ. ಅಚ್ಚಾದ ದಿನಪತ್ರಿಕೆ ಇನ್ನೆಷ್ಟು ದಿನ ಎಂಬ ಮಾತು ಈಗ ಊರೂರಿನಲ್ಲಿ, ದೇಶದೇಶದಲ್ಲಿ ಕೇಳಿಬರುತ್ತಿದೆ.

ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ನಗರದಲ್ಲಿ ‘ವೀನರ್ ಟ್ಸೈಟುಂಗ್’ ಎಂಬ ಪತ್ರಿಕೆಯಿದೆ. 1703ನೆಯ ಇಸವಿಯ ಆಗಸ್ಟ್ 8ರಂದು, ಬೇರೊಂದು ಹೆಸರಿನಿಂದ, ಅದರ ಮೊದಲ ಸಂಚಿಕೆ ಹೊರಬಿದ್ದಿತು. ಆಗ ದೆಹಲಿಯ ಸಿಂಹಾಸನದಲ್ಲಿ ಔರಂಗಜೇಬನೂ ಮೈಸೂರಿನ ಗದ್ದುಗೆಯಲ್ಲಿ ಚಿಕ್ಕದೇವರಾಜ ಒಡೆಯರೂ ಇನ್ನೂ ಜೀವಿಸಿದ್ದರು ಎಂದರೆ ಅದರ ವಯಸ್ಸು ನಮಗೆ ಮನದಟ್ಟಾದೀತು. ನಾಜಿಗಳ ಕಾಲದಲ್ಲಿ ಅದು ಕೆಲವು ವರ್ಷ ನಿಂತುಹೋಯಿತು. 1945ರಲ್ಲಿ ಮತ್ತೆ ಎದ್ದುನಿಂತಿತು. ಮಹಾಯುದ್ಧವೇ ಕೊಲ್ಲಲಾರದೆ ಹೋದ ಆ ಪತ್ರಿಕೆಯ ದೈನಿಕ ಮುದ್ರಣ 2023ರ ಜೂನ್ 30ರಂದು ಕೊನೆಗೊಂಡಿತು. ಕೊನೆಯ ಸಂಚಿಕೆಯ ಮುಖಪುಟದಲ್ಲಿ ಅವರು ತಮ್ಮ ಆಯುಷ್ಯದ ಲೆಕ್ಕವನ್ನು ಅಚ್ಚು ಹಾಕಿದ್ದರು: 320 ವರ್ಷ, 12 ಅಧ್ಯಕ್ಷರು, 10 ಚಕ್ರವರ್ತಿಗಳು, 2 ಗಣರಾಜ್ಯಗಳು, ಪತ್ರಿಕೆ ಮಾತ್ರ ಒಂದೇ.

ಓದುಗರು ಬೇಸತ್ತು ಅದನ್ನು ಬಿಟ್ಟರೆಂದು ಯಾರೂ ಭಾವಿಸಬೇಕಾಗಿಲ್ಲ. ಆ ಪತ್ರಿಕೆ ಸರ್ಕಾರದ ಒಡೆತನದ್ದು. ದೇಶದ ಕಂಪನಿಗಳು ತಮ್ಮ ಅಧಿಕೃತ ಪ್ರಕಟಣೆಗಳನ್ನು ಹಣ ತೆತ್ತು ಅದರಲ್ಲಿಯೇ ಅಚ್ಚು ಹಾಕಿಸಬೇಕೆಂಬ ಕಾನೂನಿತ್ತು, ಆ ಹಣದಿಂದಲೇ ಪತ್ರಿಕೆಯ ಬಹುಪಾಲು ವೆಚ್ಚ ನಡೆಯುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಸತ್ತು ಆ ಕಟ್ಟಳೆಯನ್ನು ತೆಗೆದುಹಾಕಿತು. ಪ್ರಕಟಣೆಗಳು ಅಂತರಜಾಲಕ್ಕೆ ಹೋದುವು, ಅವುಗಳ ಹಿಂದೆಯೇ ಹಣವೂ ಹೋಯಿತು. ಪತ್ರಿಕೆ ಹೆಸರನ್ನುಳಿಸಿಕೊಂಡು ಅಂತರಜಾಲದಲ್ಲಿ ಈಗಲೂ ನಡೆಯುತ್ತಿದೆಯಾದರೂ ಅದನ್ನು ಕಟ್ಟುತ್ತಿದ್ದ ಸಿಬ್ಬಂದಿಯಲ್ಲಿ ಬಹುಮಂದಿ ಮನೆಗೆ ಹೋಗಬೇಕಾಯಿತು.

ಈ ಒಂದು ಕಥೆಯಲ್ಲಿ ಎಲ್ಲ ಪತ್ರಿಕೆಗಳ ಕಥೆಯೂ ಅಡಗಿದೆ. ದಿನಪತ್ರಿಕೆಗೆ ನಾವು ಕೊಡುವ ಬೆಲೆಯಿಂದ ಕಾಗದ, ಮಸಿ, ಸಾಗಣೆಯ ಖರ್ಚೇ ಹುಟ್ಟುವುದು ಕಷ್ಟ. ಉಳಿದುದನ್ನು ತುಂಬಿಕೊಡುತ್ತಿದ್ದುದು ಜಾಹೀರಾತು. ಬಾಡಿಗೆಗೆ ಮನೆ ಬೇಕು, ಹಳೆಯ ಸ್ಕೂಟರ್ ಮಾರಾಟಕ್ಕಿದೆ, ವರನಿಗೆ ಅನುರೂಪಳಾದ ವಧು ಬೇಕು ಎಂಬ ಮೂರು ಸಾಲಿನ ಪುಟ್ಟ ಜಾಹೀರಾತುಗಳು ಹನಿಗೂಡಿ ಹಳ್ಳವಾಗಿ, ದೂರದ ತಾಲ್ಲೂಕಿನ ವರದಿಗಾರನ ಸಂಬಳವಾಗುತ್ತಿದ್ದುವು. ಇಂದು ವಧುವೂ ಸ್ಕೂಟರೂ ಬಾಡಿಗೆಯ ಮನೆಯೂ ಮೊಬೈಲಿನಲ್ಲಿಯೇ ದೊರೆಯುತ್ತವೆ. ಅದರಿಂದ ನಮಗೆಲ್ಲ ಅನುಕೂಲವಾಯಿತೆಂಬುದು ನಿಜ. ಆದರೆ ಆ ಅನುಕೂಲದ ಬೆಲೆಯನ್ನು ತೆತ್ತವನು ಆ ವರದಿಗಾರ. ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ 2005ರಿಂದೀಚೆಗೆ 3,000ಕ್ಕೂ ಮಿಕ್ಕಿ ಪತ್ರಿಕೆಗಳು ನಿಂತುಹೋಗಿವೆ, ಅವುಗಳಲ್ಲಿ ಬಹುಪಾಲು ಸಣ್ಣ ಊರುಗಳ ವಾರಪತ್ರಿಕೆಗಳು. ಇಂಗ್ಲೆಂಡಿನ ‘ದಿ ಇಂಡಿಪೆಂಡೆಂಟ್’ ಪತ್ರಿಕೆ 2016ರ ಮಾರ್ಚ್ ತಿಂಗಳಲ್ಲಿ ಅಚ್ಚಿನ ಮನೆಗೆ ಬೀಗ ಹಾಕಿ ಅಂತರಜಾಲಕ್ಕೆ ಪೂರ್ತಿಯಾಗಿ ವಲಸೆಹೋಯಿತು.

ಹಾಗಾದರೆ ನಮ್ಮಲ್ಲಿ? ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹುಟ್ಟಿದುದು 1843ರ ಜುಲೈ 1ರಂದು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಹದಿನೈದು ದಿನಕ್ಕೊಮ್ಮೆ ಹೊರತರುತ್ತಿದ್ದನು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಇಂದಿಗೂ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಸುದ್ದಿ ಮುಂದೆ ವಾರಕ್ಕೊಮ್ಮೆಯಾಯಿತು, ದಿನಕ್ಕೊಮ್ಮೆಯಾಯಿತು, ಈಗ ನಿಮಿಷಕ್ಕೊಮ್ಮೆಯಾಗಿದೆ. ಪ್ರತಿಯೊಂದು ಘಟ್ಟದಲ್ಲಿಯೂ ಹಳಬರು ‘ಇಷ್ಟು ಅವಸರವೇಕೆ?’ ಎಂದು ಗೊಣಗಿರಲೇಬೇಕು. ಆದುದರಿಂದ ಅವಸರವೊಂದನ್ನೇ ಹಿಡಿದು ನಾನು ಹೊಸತನ್ನು ಹಳಿಯಲಾರೆ. ನನ್ನ ಅಳುಕು ಬೇರೆ. ಅದಕ್ಕೆ ಕಾರಣವಾದ ಒಂದು ಪ್ರಸಂಗವನ್ನು, ನಾಚಿಕೆಯನ್ನು ಬದಿಗಿಟ್ಟು, ಹೇಳಬೇಕಾಗಿದೆ.

ಕಳೆದ ವರ್ಷ ಒಂದು ಮಧ್ಯಾಹ್ನ ತರಗತಿಗೆ ಹೊರಟಿದ್ದೆ. ಅಂದು ಬದುಕಿರುವ ಒಬ್ಬ ಹಿರಿಯ ಕವಿಗಳ ಪದ್ಯವನ್ನು ಪಾಠಮಾಡಬೇಕಾಗಿತ್ತು. ಮೆಟ್ಟಿಲು ಹತ್ತುತ್ತಿರುವಾಗ ಮೊಬೈಲಿಗೆ ಸಂದೇಶ ಬಂದಿತು: ಆ ಕವಿಗಳು ನಿಧನರಾದರು! ಭಾವಚಿತ್ರವಿತ್ತು, ಕೆಳಗೆ ದೀಪವಿತ್ತು, ‘ಕನ್ನಡಕ್ಕೆ ತುಂಬಲಾರದ ನಷ್ಟ’ ಎಂಬ ಮಾತೂ ಇತ್ತು. ನಾನು ಅದನ್ನು ಕೂಡಲೇ ನಾಲ್ಕು ಕಡೆಗೆ ಕಳುಹಿಸಿ, ತರಗತಿಯನ್ನು ಹೊಕ್ಕು, ಗದ್ಗದ ಕಂಠದಿಂದ ಸಮಾಚಾರವನ್ನು ತಿಳಿಸಿ, ಎಪ್ಪತ್ತು ಮಂದಿ ವಿದ್ಯಾರ್ಥಿಗಳನ್ನು ಎದ್ದುನಿಲ್ಲಿಸಿ ಎರಡು ನಿಮಿಷ ಮೌನ ಆಚರಿಸಿದೆ. ಆ ಸಮಯದಲ್ಲಿ ಕವಿಗಳು ತಮ್ಮ ಮನೆಯಲ್ಲಿ ಊಟ ಮುಗಿಸಿ ಮಲಗಿದ್ದರು.

ಸಂಜೆಯ ವೇಳೆಗೆ ನಿಜ ತಿಳಿಯಿತು. ಅಷ್ಟರೊಳಗೆ ಅವರ ಮನೆಯವರು ನೂರಾರು ಸಂತಾಪದ ಕರೆಗಳಿಗೆ ಉತ್ತರ ಹೇಳಿ ದಣಿದಿದ್ದರಂತೆ. ಆ ಕರೆಗಳಲ್ಲಿ ನನ್ನ ಪಾಲು ಎಷ್ಟೆಂದು ಎಣಿಸಿದವರಾರು? ಮರುದಿನ ಬೆಳಿಗ್ಗೆ ಪತ್ರಿಕೆಯನ್ನು ಬಿಡಿಸಿದೆ. ಒಳಪುಟದಲ್ಲಿ ಐದು ಸಾಲಿನ ಸಣ್ಣ ಸುದ್ದಿ: ಕವಿಗಳು ಆರೋಗ್ಯದಿಂದಿದ್ದಾರೆ, ಕುಟುಂಬದವರು ಪತ್ರಿಕೆಗೆ ಹಾಗೆಂದು ತಿಳಿಸಿದ್ದಾರೆ. ಯಾರೋ ಒಬ್ಬ ಉಪಸಂಪಾದಕ ಆ ಮನೆಗೆ ದೂರವಾಣಿ ಮಾಡಿ ವಿಚಾರಿಸಿದ್ದನು, ಅಷ್ಟೆ. ನಾನು ಮಾಡಬಹುದಾಗಿದ್ದ ಆದರೆ ಮಾಡದೆಹೋದ ಕೆಲಸ ಅದೊಂದೇ.

ಕನ್ನಡದಲ್ಲಿ ಕ್ರಿಯಾಪದದ ಕೊನೆಗೆ ಹಚ್ಚುವ ‘ಅಂತೆ’ ಎಂಬ ಒಂದು ಪುಟ್ಟ ಮಾತಿದೆ. ‘ಮಳೆ ಬಂದಿತು’ ಎಂದರೆ ನಾನು ನೆನೆದೆನೆಂದು ಅರ್ಥ. ‘ಮಳೆ ಬಂದಿತಂತೆ’ ಎಂದರೆ ಬೇರೆಯವರು ಹೇಳಿದರು, ಹೊಣೆ ನನ್ನದಲ್ಲ ಎಂದು ಅರ್ಥ. ನಮ್ಮ ಅಜ್ಜಿಯರು ಯಾವ ಪತ್ರಿಕಾಶಾಸ್ತ್ರವನ್ನೂ ಓದಿದವರಲ್ಲ. ಆದರೂ ಕಂಡದ್ದಕ್ಕೂ ಕೇಳಿದ್ದಕ್ಕೂ ಗೆರೆಯೆಳೆಯದೆ ಅವರು ಒಂದು ವಾಕ್ಯವನ್ನೂ ಆಡುತ್ತಿರಲಿಲ್ಲ. ಇನ್ನು ‘ವೃತ್ತಪತ್ರಿಕೆ’ ಎಂಬ ಹಳೆಯ ಹೆಸರನ್ನು ನೋಡಿ. ಡಿ.ವಿ.ಜಿ.ಯವರು ಪತ್ರಿಕಾವೃತ್ತಿಯನ್ನು ಕುರಿತು ಬರೆದ ಪುಸ್ತಕಕ್ಕೆ ಇದೇ ಹೆಸರನ್ನಿಟ್ಟಿದ್ದಾರೆ. ‘ವೃತ್ತ’ ಎಂದರೆ ನಡೆದದ್ದು. ಸುದ್ದಿಮನೆಯ ಕೆಲಸವೆಲ್ಲ ಇಷ್ಟೇ: ಸಂಜೆ ಬಂದ ನೂರು ‘ಅಂತೆ’ಗಳನ್ನು ಸೋಸಿ, ಬೆಳಗಾಗುವುದರೊಳಗೆ ಅವುಗಳಲ್ಲಿ ‘ಆಯಿತು’ ಎನ್ನಬಹುದಾದವೆಷ್ಟೆಂದು ಗೊತ್ತುಮಾಡುವುದು. ನಮ್ಮ ಕೈಯಲ್ಲಿರುವ ಯಂತ್ರವೋ ‘ಅಂತೆ’ಯನ್ನು ಕತ್ತರಿಸಿ ಎಸೆದು, ಕೇಳಿದ್ದನ್ನೆಲ್ಲ ‘ಆಯಿತು’ ಎಂದು ಕೈಗಿಡುತ್ತದೆ. ತಂದೆಯವರು ಹೆಪ್ಪು ಎಂದುದು ಈ ಒಂದು ರಾತ್ರಿಯನ್ನು.

ಹಾಗೆಂದು ಪತ್ರಿಕೆಯನ್ನು ಪೀಠದ ಮೇಲೆ ಕೂರಿಸಿ ಮಂಗಳಾರತಿ ಎತ್ತುವುದು ನನ್ನ ಉದ್ದೇಶವಲ್ಲ. ಹುಳಿಮೊಸರಿನ ಮಾತೂ ಸುಳ್ಳಲ್ಲ. ಹಣ ಪಡೆದು ಜಾಹೀರಾತನ್ನೇ ಸುದ್ದಿಯ ವೇಷದಲ್ಲಿ ಅಚ್ಚು ಹಾಕಿದ ‘ಕಾಸಿಗಾಗಿ ಸುದ್ದಿ’ಯ ಪಿಡುಗನ್ನು ಕುರಿತು ಭಾರತದ ಪತ್ರಿಕಾ ಮಂಡಳಿಯೇ 2010ರಲ್ಲಿ ವರದಿ ಹೊರಡಿಸಬೇಕಾಯಿತು. ಅಚ್ಚಾದುದೆಲ್ಲ ಸತ್ಯವಲ್ಲ. ಅಂತರಜಾಲದ ಉಪಕಾರವನ್ನು ಮರೆಯುವುದೂ ಕೃತಘ್ನತೆಯಾದೀತು. ಹೊರದೇಶದಲ್ಲಿರುವ ನನ್ನ ತಮ್ಮ ನಮ್ಮೂರಿನ ಸುದ್ದಿಯನ್ನು ನನಗಿಂತ ಮೊದಲು ಓದುತ್ತಾನೆ. ಕಣ್ಣು ಕಾಣದ ನನ್ನ ಒಬ್ಬ ವಿದ್ಯಾರ್ಥಿ ಮೊಬೈಲಿನಿಂದ ಪತ್ರಿಕೆಯನ್ನು ಓದಿಸಿಕೊಂಡು ಕೇಳುತ್ತಾನೆ. ಅಚ್ಚಿನ ಪತ್ರಿಕೆ ಅವನಿಗೆ ಎಂದೂ ಕೊಡಲಾರದಿದ್ದ ಸೌಲಭ್ಯ ಇದು.

ಆದರೂ ಎರಡು ಭೇದಗಳನ್ನು ಗಮನಿಸಬೇಕು. ಪತ್ರಿಕೆ ತಪ್ಪಿದರೆ ಆ ತಪ್ಪು ಸಾವಿರಾರು ಮನೆಗಳಲ್ಲಿ ಕಪ್ಪು ಮಸಿಯಲ್ಲಿ ಉಳಿದುಬಿಡುತ್ತದೆ. ಮರುದಿನ ತಿದ್ದುಪಡಿ ಅಚ್ಚು ಹಾಕದೆ ವಿಧಿಯಿಲ್ಲ. ತೆರೆಯ ಮೇಲಿನ ಸುದ್ದಿಯನ್ನಾದರೋ ಯಾರಿಗೂ ತಿಳಿಯದಂತೆ ಬದಲಿಸಬಹುದು, ಅಳಿಸಲೂಬಹುದು. ಎರಡನೆಯದು ಉಳಿಕೆಯ ಮಾತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು 2024ರಲ್ಲಿ ಲೆಕ್ಕ ಹಾಕಿ, 2013ರಲ್ಲಿದ್ದ ಅಂತರಜಾಲ ಪುಟಗಳಲ್ಲಿ ನೂರಕ್ಕೆ 38ರಷ್ಟು ಹತ್ತು ವರ್ಷಗಳಲ್ಲಿ ಕಾಣದಂತಾದುವೆಂದು ಕಂಡುಕೊಂಡರು. 1843ರ ಕಲ್ಲಚ್ಚಿನ ‘ಮಂಗಳೂರ ಸಮಾಚಾರ’ ಇಂದಿಗೂ ನಮಗೆ ಓದಲು ದೊರೆಯುತ್ತದೆ. ಹತ್ತು ವರ್ಷದ ಹಿಂದಿನ ಅಂತರಜಾಲದ ಸುದ್ದಿಗೆ ಆ ಭರವಸೆಯಿಲ್ಲ.

ಇನ್ನು ನನ್ನ ಸ್ವಾರ್ಥದ ಒಂದು ಕಾರಣವನ್ನೂ ಮುಚ್ಚಿಡಲಾರೆ. ನನ್ನ ಮಗಳು ಓದುವುದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಕನ್ನಡ ಅಧ್ಯಾಪಕನ ಮಗಳಿಗೆ ಕನ್ನಡ ಅಲ್ಲಿ ಒಂದು ವಿಷಯ ಮಾತ್ರ. ಪ್ರತಿದಿನ ಬೆಳಿಗ್ಗೆ ಅಜ್ಜನ ಕುರ್ಚಿಯ ಕೈಯ ಮೇಲೆ ಕುಳಿತು ದಪ್ಪಕ್ಷರದ ತಲೆಬರಹಗಳನ್ನು ಅವಳು ಗಟ್ಟಿಯಾಗಿ ಓದುತ್ತಾಳೆ. ‘ಅನುಷ್ಠಾನ’ದಲ್ಲಿ ಎಡವುತ್ತಾಳೆ, ‘ಸ್ಪಷ್ಟೀಕರಣ’ದಲ್ಲಿ ಬೀಳುತ್ತಾಳೆ, ಅಜ್ಜ ಕೈಹಿಡಿದು ಎತ್ತುತ್ತಾರೆ. 2020ರ ಮಾರ್ಚ್‌ನಲ್ಲಿ ಕೊರೋನಾ ಭಯದಿಂದ ನಮ್ಮ ಬೀದಿಗೆ ಕೆಲವು ದಿನ ಪತ್ರಿಕೆ ಬರಲಿಲ್ಲ. ಅವಳಾಗ ಇನ್ನೂ ತೊಟ್ಟಿಲಿನ ಕೂಸು. ಓದಿಸಿಕೊಳ್ಳಲು ಮೊಮ್ಮಗಳೂ ಇಲ್ಲದೆ, ಓದಲು ಪತ್ರಿಕೆಯೂ ಇಲ್ಲದೆ, ತಂದೆಯವರು ಕಪಾಟಿನ ಹಲಗೆಗಳಿಗೆ ಹಾಸಿದ್ದ ಹಳೆಯ ಹಾಳೆಗಳನ್ನು ಎಳೆದು ತೆಗೆದು ಮತ್ತೆ ಓದಿದರು. ಮೊಬೈಲನ್ನು ಒಬ್ಬರು ನೋಡುವಾಗ ಇನ್ನೊಬ್ಬರು ಕಾಯಬೇಕು. ಪತ್ರಿಕೆಯನ್ನಾದರೆ ಬಿಡಿಸಿ ಹಂಚಿಕೊಳ್ಳಬಹುದು: ಕ್ರೀಡಾಪುಟ ನನಗೆ, ಪದಬಂಧ ಅವರಿಗೆ, ಚಿತ್ರಕಥೆ ಮಗುವಿಗೆ.

ಮುದ್ರಿತ ಪತ್ರಿಕೆ ಶಾಶ್ವತವಾಗಿ ಉಳಿಯುವುದೆಂದು ಜ್ಯೋತಿಷ್ಯ ಹೇಳುವಷ್ಟು ಧೈರ್ಯ ನನಗಿಲ್ಲ. ತಾಳೆಗರಿಗೆ ಒಂದು ಕಾಲವಿತ್ತು, ಕಲ್ಲಚ್ಚಿಗೆ ಒಂದು ಕಾಲವಿತ್ತು, ಕಾಗದಕ್ಕೂ ಒಂದು ಕಾಲವಿದ್ದೀತು. ನಗರಸಭೆಯ ಸಭೆಯಲ್ಲಿ ಬೆಂಚಿನ ಕೊನೆಗೆ ಕುಳಿತು ಬರೆದುಕೊಳ್ಳುವ ವರದಿಗಾರ, ಸತ್ತರೆಂಬ ಸುದ್ದಿ ಬಂದಾಗ ಮನೆಗೆ ದೂರವಾಣಿ ಮಾಡಿ ಕೇಳುವ ಉಪಸಂಪಾದಕ, ಈ ಇಬ್ಬರಿಗೆ ಯಾರು ಸಂಬಳ ಕೊಡುತ್ತಾರೆ? ಕಾಗದದ ಭವಿಷ್ಯಕ್ಕಿಂತ ದೊಡ್ಡ ಪ್ರಶ್ನೆ ಇದು. ಜಾಹೀರಾತಿನವರು ಕೊಡಲೊಲ್ಲರು. ಸರ್ಕಾರ ಕೊಟ್ಟರೆ ಏನಾಗಬಹುದೆಂಬುದನ್ನು ವಿಯೆನ್ನಾ ನಗರ ತೋರಿಸಿಕೊಟ್ಟಿದೆ. ಉಳಿದವರು ಓದುಗರಾದ ನಾವು. ಕಾಗದದ ಮೇಲೆ ಓದಿದರೂ ಸರಿ, ತೆರೆಯ ಮೇಲೆ ಓದಿದರೂ ಸರಿ, ಬಿಟ್ಟಿಯಾಗಿ ಸಿಕ್ಕ ಸುದ್ದಿಯನ್ನು ಯಾರೋ ಒಬ್ಬರು ಸೋಸಿರುತ್ತಾರೆಂದು ನಂಬಿ ಕೂರುವುದು ಸರಿಯಲ್ಲ.

ಕವಿಗಳ ಪ್ರಸಂಗದ ಮರುದಿನ ನಾನು ಅದೇ ತರಗತಿಗೆ ಹೋಗಿ, ಅದೇ ವೇದಿಕೆಯ ಮೇಲೆ ನಿಂತು, ‘ನಿನ್ನೆ ನಾನು ಹೇಳಿದುದು ಸುಳ್ಳು, ವಿಚಾರಿಸದೆ ಹೇಳಿದೆ, ತಪ್ಪಾಯಿತು’ ಎಂದು ಒಪ್ಪಿಕೊಂಡೆ. ವಿದ್ಯಾರ್ಥಿಗಳು ನಕ್ಕರು. ನಗಬೇಕಾದುದೇ. ಆಮೇಲೆ ಪದ್ಯವನ್ನು ಪಾಠಮಾಡಿದೆ.

ಮೊನ್ನೆಯ ಭಾನುವಾರ ಮುಂದೂಡಿದ ಅಧಿವೇಶನ ಸೇರಿತು. ಅರ್ಥಮಂತ್ರಿ ತೀರ್ಪನ್ನು ಓದಿ ಹೇಳಿದಳು. ಎರಡು ದಿನಪತ್ರಿಕೆಗಳಲ್ಲಿ ಒಂದು ಬಾಗಿಲಿಗೆ ಬರತಕ್ಕದ್ದು. ಇನ್ನೊಂದನ್ನು ಮೊಬೈಲಿನಲ್ಲಿಯೇ ಓದತಕ್ಕದ್ದು, ಆದರೆ ಅದಕ್ಕೂ ಚಂದಾ ಕಟ್ಟಿಯೇ ಓದತಕ್ಕದ್ದು. ವಾರಪತ್ರಿಕೆಯ ಧಾರಾವಾಹಿ ಅರ್ಧಕ್ಕೆ ಬಂದಿರುವುದರಿಂದ ಅದರ ಮಾತನ್ನು ಯಾರೂ ಎತ್ತಕೂಡದು. ಇಷ್ಟನ್ನು ಹೇಳಿ, ನನ್ನ ಕಡೆ ತಿರುಗಿ ಒಂದು ಷರತ್ತನ್ನು ಸೇರಿಸಿದಳು:

“ರಾತ್ರಿ ಬಂದ ಸುದ್ದಿಯನ್ನು ಬೆಳಗಾಗುವ ತನಕ ನೀವು ಯಾರಿಗೂ ಕಳುಹಿಸಕೂಡದು.”

ತಂದೆಯವರು ಪದಬಂಧದಿಂದ ಮುಖವೆತ್ತಿ, “ಹೆಪ್ಪು” ಎಂದರು. ನಾನು ಒಪ್ಪಿಕೊಂಡೆ.