ಸದ್ದು ಹೊರಗಿರಲಿ, ಗಾಳಿ ಒಳಗೆ ಬರಲಿ

ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಕೈಜಾರಿ ಬಿದ್ದರೆ ಅದರ ಸದ್ದು ಮನೆಯಿಡೀ ಮೊಳಗುತ್ತದೆ. ಹಾಗೆ ಮೊಳಗುತ್ತಿರುವ ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಸದ್ದು ಥಟ್ಟನೆ ನಿಂತುಬಿಡುತ್ತದೆ. ವ್ಯಾನನ್ನೇ ಮನೆ ಮಾಡಿಕೊಂಡು ಬಾಳುವವರು ಮೊದಲು ಕಲಿಯಬೇಕಾದ ಭೌತವಿಜ್ಞಾನದ ಪಾಠ ಇದೇ.

ವ್ಯಾನಿನಲ್ಲಿ ಬಾಳುವುದೇ? ಹೌದು. 1950ರ ದಶಕದಲ್ಲೇ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನುಗಳ ಒಳಗೆ ಹಾಸಿಗೆ, ಕಪಾಟುಗಳನ್ನು ಜೋಡಿಸಿಕೊಡುತ್ತಿತ್ತು. ಆದರೆ ಅದು ರಜೆಯ ಪ್ರವಾಸಕ್ಕೆ. 2008ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಮನೆ ಉಳಿಸಿಕೊಳ್ಳಲಾಗದ ಎಷ್ಟೋ ವಯಸ್ಸಾದವರು ವರ್ಷವಿಡೀ ವ್ಯಾನಿನಲ್ಲೇ ವಾಸಿಸತೊಡಗಿದರು. ಪತ್ರಕರ್ತೆ ಜೆಸ್ಸಿಕಾ ಬ್ರೂಡರ್ 2017ರಲ್ಲಿ ಇವರ ಬದುಕನ್ನು ‘ನೋಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕದಲ್ಲಿ ದಾಖಲಿಸಿದರು. ಅದನ್ನು ಆಧರಿಸಿದ ಚಿತ್ರಕ್ಕೆ 2021ರಲ್ಲಿ ಆಸ್ಕರ್ ಪ್ರಶಸ್ತಿ ಬಂತು. ರಾತ್ರಿ ಹೆದ್ದಾರಿಯ ಬದಿಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಕೂಲಿಗೆ ಹೋಗಬೇಕಾದವರಿಗೆ ನಿದ್ದೆ ಬೇಡವೇ? ವ್ಯಾನಿನೊಳಗೆ ಬರುವ ಸದ್ದನ್ನು ತಡೆಯುವುದು ಅವರಿಗೆ ಶೋಕಿಯ ಮಾತಲ್ಲ.

ಸರಕು ಸಾಗಿಸುವ ವ್ಯಾನಿನ ಮೈ ಸುಮಾರು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು. ಮಳೆಹನಿ ಬಿದ್ದರೂ ಅದು ತಟ್ಟೆಯಂತೆ ಕಂಪಿಸುತ್ತದೆ. ಇದಕ್ಕೆ ಮೊದಲ ಉಪಾಯ, ತಟ್ಟೆಗೆ ಬೆರಳು ಮುಟ್ಟಿಸಿದಂತೆ ತಗಡಿಗೂ ‘ಬೆರಳು’ ಮುಟ್ಟಿಸುವುದು! ಒಂದು ಮುಖಕ್ಕೆ ಅಲ್ಯೂಮಿನಿಯಂ ಹಾಳೆ ಹೊದಿಸಿದ ಬ್ಯೂಟೈಲ್ ರಬ್ಬರನ್ನು ಒಳಗಡೆಯಿಂದ ತಗಡಿಗೆ ಒತ್ತಿ ಅಂಟಿಸುತ್ತಾರೆ. ತಗಡು ಬಾಗಿದಾಗಲೆಲ್ಲ ನಡುವಿನ ರಬ್ಬರು ಎಳೆದಾಡಿ, ಕಂಪನದ ಶಕ್ತಿ ಉಷ್ಣವಾಗಿ ಕಳೆದುಹೋಗುತ್ತದೆ. ಬೆರಳನ್ನು ತಟ್ಟೆಯ ತುಂಬ ಒತ್ತಬೇಕಿಲ್ಲವಷ್ಟೆ? ಹಾಗೆಯೇ ಪ್ರತಿ ತಗಡಿನ ಮಧ್ಯಭಾಗಕ್ಕೆ, ಕಾಲು ಭಾಗದಷ್ಟು ಅಂಟಿಸಿದರೂ ಬಹುಪಾಲು ಪ್ರಯೋಜನ ಸಿಗುತ್ತದೆ.

ಇದರಿಂದ ತಗಡಿನ ಮೊಳಗು ನಿಂತಿತು. ಗಾಳಿಯಲ್ಲಿ ಬರುವ ಹೊರಗಿನ ಸದ್ದಿಗೆ ಏನು ಮಾಡುವುದು? ಅದನ್ನು ತಡೆಯುವುದು ಭಾರ. ಗೋಡೆಯ ದ್ರವ್ಯರಾಶಿ ಇಮ್ಮಡಿಯಾದರೆ ಹಾಯ್ದುಬರುವ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಎನ್ನುವುದು ನಿಯಮ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: ಒಂದು ಚದರ ಮೀಟರ್ ತಗಡಿನ ತೂಕ ಸುಮಾರು 8 ಕೆ.ಜಿ. ಗೋಡೆ, ಛಾವಣಿ, ನೆಲ ಎಲ್ಲ ಸೇರಿ 30 ಚದರ ಮೀಟರ್ ಎಂದುಕೊಂಡರೆ, ಇಮ್ಮಡಿ ಮಾಡಲು ಇನ್ನೂ 240 ಕೆ.ಜಿ. ಹೇರಬೇಕು. ಇಷ್ಟಾದರೂ ಸದ್ದು ನಮ್ಮ ಕಿವಿಗೆ ಅರ್ಧವಾಗುವುದಿಲ್ಲ; ಅದಕ್ಕೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಹಾಸಿಗೆ, ಒಲೆ, ಬ್ಯಾಟರಿ, ನೂರು ಲೀಟರ್ ನೀರು ಎಂದರೆ ಅದೇ ನೂರು ಕೆ.ಜಿ. ಇವನ್ನೆಲ್ಲ ಹೊರಬೇಕಾದ ವ್ಯಾನಿಗೆ ಅಷ್ಟೊಂದು ಭಾರ ದುಬಾರಿ. ಆದ್ದರಿಂದ ಜಾಣರು ಭಾರವಾದ ವಿನೈಲ್ ಹಾಸನ್ನು ನೆಲ, ಚಕ್ರದ ಮೇಲಿನ ಕಮಾನುಗಳಂಥ ಸದ್ದು ಹೆಚ್ಚು ನುಗ್ಗುವ ಕಡೆಗಳಿಗಷ್ಟೇ ಹಾಕುತ್ತಾರೆ.

ಮೂರನೆಯದು ಹೀರಿಕೆ. ಕುರಿಯ ಉಣ್ಣೆ, ಸ್ಪಂಜುಗಳ ಸಂದುಗಳಲ್ಲಿ ಗಾಳಿಯ ಕಣಗಳು ಉಜ್ಜಾಡಿ ಶಬ್ದ ಸೊರಗುತ್ತದೆ. ಆದರೆ ಇದಕ್ಕೂ ಮಿತಿಯಿದೆ. 1000 ಹರ್ಟ್ಸ್‌ನ ಕೀಚಲು ಸದ್ದಿನ ತರಂಗದೂರ 34 ಸೆಂಟಿಮೀಟರ್. ಪಕ್ಕದ ಲಾರಿಯ ಎಂಜಿನ್ನಿನಿಂದ ಬರುವ 100 ಹರ್ಟ್ಸ್‌ನ ಗುಂಯ್‌ಗುಡುವಿಕೆಯದು 3.4 ಮೀಟರ್! ಅಂಗೈ ದಪ್ಪದ ಸ್ಪಂಜು ಅಂಥ ನೀಳ ಅಲೆಯನ್ನು ಹೀರುವುದು ಆಗದ ಮಾತು. ಅದಕ್ಕೆ ಒಂದೇ ಮದ್ದು, ವ್ಯಾನನ್ನು ಲಾರಿಯಿಂದ ದೂರ ನಿಲ್ಲಿಸುವುದು.

ಇಷ್ಟೆಲ್ಲ ಮಾಡಿದರೂ ಒಂದು ಸಂದು ಉಳಿದರೆ ಶ್ರಮ ವ್ಯರ್ಥ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಶಬ್ದಶಕ್ತಿಯ ನೂರರಲ್ಲಿ ಒಂದು ಪಾಲು ಒಳಗೆ ಬಂದೇ ಬರುತ್ತದೆ. ಉಳಿದ ಗೋಡೆ ಕಲ್ಲಿನದಾಗಿದ್ದರೂ 20 ಡೆಸಿಬೆಲ್‌ಗಿಂತ ಹೆಚ್ಚು ತಡೆ ಸಿಗದು. ಇದನ್ನು ತಿಳಿದವರು ಎಲ್ಲ ಸಂದುಗಳನ್ನೂ ಮುಚ್ಚಲು ಹೊರಡುತ್ತಾರೆ. ಅಪಾಯ ಶುರುವಾಗುವುದೇ ಇಲ್ಲಿ.

ಸದ್ದು ಬರುವ ದಾರಿಯೇ ಗಾಳಿ ಬರುವ ದಾರಿ. ಮಲಗಿದವರ ಉಸಿರು, ಬೆವರಿನ ತೇವ ಮುಚ್ಚಿದ ವ್ಯಾನಿನ ತಣ್ಣನೆಯ ತಗಡಿನ ಮೇಲೆ ನೀರಾಗಿ ಇಳಿದು, ಉಣ್ಣೆಗೆ ಬೂಷ್ಟು, ಉಕ್ಕಿಗೆ ತುಕ್ಕು ತರುತ್ತದೆ. ಒಂದು ಕೆ.ಜಿ. ಪ್ರೊಪೇನ್ ಅನಿಲ ಪೂರ್ತಿ ಉರಿದರೆ 1.6 ಕೆ.ಜಿ.ಗೂ ಹೆಚ್ಚು ನೀರಾವಿ ಹುಟ್ಟುತ್ತದೆ! ಇದಕ್ಕಿಂತ ಘೋರವಾದುದು ಕಾರ್ಬನ್ ಮಾನಾಕ್ಸೈಡ್. ಆಮ್ಲಜನಕ ಸಾಲದೆ ಉರಿಯುವ ಒಲೆಯಿಂದ ಹೊರಡುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಬಿಗಿಹಿಡಿಯುತ್ತದೆ. ಚಳಿಯೆಂದು ಒಲೆ ಹಚ್ಚಿಟ್ಟು ಮಲಗಿದವರು ಏಳದೇ ಹೋಗಬಹುದು.

ಹಾಗಾದರೆ ನಿದ್ದೆಯೋ, ಪ್ರಾಣವೋ? ಎರಡೂ ಉಳಿಯುವ ದಾರಿಯಿದೆ. ಛಾವಣಿಯಲ್ಲಿ ಗಾಳಿಯನ್ನು ಹೊರದೂಡುವ ಫ್ಯಾನು, ಕೆಳಗೆ ಗಾಳಿ ಒಳಬರುವ ಕೊಳವೆ ಇರಬೇಕು. ಕೊಳವೆಗೆ ಎರಡು ಮೂರು ತಿರುವು ಕೊಟ್ಟು ಒಳಮೈಗೆ ಸ್ಪಂಜು ಹಚ್ಚಿದರೆ ಗಾಳಿ ತಿರುಗಿಕೊಂಡು ಬರುತ್ತದೆ, ಸದ್ದು ಗೋಡೆಗೆ ಬಡಿದು ಸೊರಗುತ್ತದೆ. ಬೈಕಿನ ಸೈಲೆನ್ಸರುಗಳಲ್ಲೂ ಕೆಲವು ಇದೇ ತತ್ವದವು. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಿಂದ 2 ಆಂಪಿಯರ್ ಎಳೆಯುವ ಫ್ಯಾನು ಲೆಕ್ಕದ ಪ್ರಕಾರ 50 ಗಂಟೆ ತಿರುಗುತ್ತದೆ. ಹಗಲಿನಲ್ಲಿ ಸೌರಫಲಕ ಅದನ್ನು ತುಂಬಿಸುತ್ತದೆ. ಗೋಡೆಗೆ ಹಲಗೆ ಹೊಡೆಯುವ ಮೊದಲೇ ಈ ಕಿಂಡಿಗಳನ್ನು ಕೊರೆಯಬೇಕು. ಮಲಗುವ ಜಾಗದ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಸೂಚಕ ಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಅದರ ಸೂಚಕ ನೆಲದ ಬಳಿಯಿರಬೇಕು. ಅಡುಗೆಯ ಒಲೆಯನ್ನು ಚಳಿ ಕಾಯಿಸಲು ಹಚ್ಚಲೇಬಾರದು.

ಇದು ಪರದೇಶದ ವ್ಯಾನುಗಳಿಗಷ್ಟೇ ಅನ್ವಯಿಸುವ ಮಾತಲ್ಲ. ಬೆಂಗಳೂರಿನಲ್ಲಿಯೂ ಕಿಟಕಿ ಮುಚ್ಚಿದ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರ್ ಉರಿಸಿ, ಇದೇ ಅನಿಲದಿಂದ ಜನ ಸತ್ತದ್ದುಂಟು. ರಸ್ತೆಯ ಸದ್ದೆಂದು, ಸೊಳ್ಳೆಯೆಂದು, ಚಳಿಯೆಂದು ನಾವೂ ಕಿಂಡಿಗಳನ್ನು ಮುಚ್ಚುತ್ತೇವೆ. ಈ ಭಾನುವಾರ ತಂದೆತಾಯಿಯರು ಮಕ್ಕಳನ್ನು ಕರೆದುಕೊಂಡು ತಮ್ಮ ಬಚ್ಚಲುಮನೆಯ ಕಿಂಡಿಯನ್ನೊಮ್ಮೆ ನೋಡಲಿ. ಅದಕ್ಕೆ ಯಾರಾದರೂ ರಟ್ಟು ಅಡ್ಡವಿಟ್ಟಿದ್ದರೆ, ತೆಗೆಯುವ ಕೆಲಸ ಅಂದೇ ಆಗಲಿ.