ಕೆರೆತದ ಚರ್ಮಕ್ಕೆ ಪರಿಮಳ ಬೇಡ
ಎಕ್ಸಿಮಾ ಇರುವ ಮಗುವಿನ ಮೊಣಕೈ ಮಡಿಕೆಗೆ ಕಡಲೆಹಿಟ್ಟು, ಅರಿಸಿನ ಹಚ್ಚಿ ತಿಕ್ಕುವುದನ್ನು ದಯವಿಟ್ಟು ನಿಲ್ಲಿಸಿ. ಆ ಚರ್ಮದ ಹೊರಪದರ ಮೊದಲೇ ದುರ್ಬಲ, ತೇವ ಹಿಡಿದಿಟ್ಟುಕೊಳ್ಳಲಾರದು. ಆರೋಗ್ಯವಂತ ಚರ್ಮದ ಪಿಎಚ್ 5ರ ಆಸುಪಾಸು. ಸಾಮಾನ್ಯ ಸೋಪಿನದು 9–10. ಸೋಪಿನಂಶವಿಲ್ಲದ ಕ್ಲೆನ್ಸರ್ ಲೇಸು ಎನ್ನುವುದು ಇದಕ್ಕೇ. ‘ಹರ್ಬಲ್’ ಎಂಬ ಹಸಿರು ಡಬ್ಬಿಗೆ ಮರುಳಾಗಬೇಡಿ, ಲ್ಯಾವೆಂಡರ್ ಎಣ್ಣೆಯೂ ಅಲರ್ಜಿ ತರಬಲ್ಲದು. ಹಿಂಬದಿಯ ಸಣ್ಣಕ್ಷರಗಳಲ್ಲಿ ‘ಫ್ರಾಗ್ರೆನ್ಸ್’ ಎಂದಿದ್ದರೆ ಅಲ್ಲೇ ಇಟ್ಟು ಬನ್ನಿ. ದುಬಾರಿಯದೇ ಆಗಬೇಕಿಲ್ಲ: ಉಗುರುಬೆಚ್ಚಗಿನ ನೀರಿನ ಚುಟುಕು ಸ್ನಾನ, ಟವೆಲಿನಿಂದ ಮೆಲ್ಲಗೆ ಒತ್ತಿ, ತೇವ ಆರುವ ಮೊದಲೇ ಸಾದಾ ಪೆಟ್ರೋಲಿಯಂ ಜೆಲ್ಲಿ. ಹೊಸ ಕ್ರೀಮನ್ನು ಮೊದಲು ಮುಂಗೈ ಒಳಭಾಗಕ್ಕೆ ಚೂರು ಹಚ್ಚಿ ಕೆಲವು ದಿನ ನೋಡಿ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಡುವ ಸ್ಟೀರಾಯ್ಡ್ ಮುಲಾಮನ್ನಂತೂ ಚರ್ಮವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.